ಜತ್ತ ಸೀಮೆಯ ಕನ್ನಡ

ಅಳಿವಿನಂಚಿನ ನುಡಿಗಳ ವಿಚಾರವನ್ನು ಓದುವಾಗಲೆಲ್ಲ, ಹೊನವಾಡದವನಾದ ನನಗೆ ಗಡಿಯಾಚೆಯ ಜತ್ತ ತಾಲ್ಲೂಕು ನೆನಪಾಗುತ್ತದೆ. ಇಟಲಿಯ ಪೀಡ್‌ಮಾಂಟ್ ಪ್ರಾಂತದ ನುಡಿಗೆ 1999ರ ಅಲ್ಪಸಂಖ್ಯಾತ ಭಾಷಾ ಕಾನೂನಿನಲ್ಲಿ ಸ್ಥಾನವೇ ದೊರೆಯಲಿಲ್ಲ. ಜತ್ತದ ಕನ್ನಡಕ್ಕಾದರೋ ಸಂವಿಧಾನದ 350ಎ ವಿಧಿಯ ಆಸರೆಯಿದೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಆದರೆ ಆ ಶಾಲೆಗಳಿಗೇ 2024ರಲ್ಲಿ ಮರಾಠಿ ಶಿಕ್ಷಕರ ನೇಮಕವಾಗಿ ವಿವಾದವೆದ್ದಿತು. ಕನ್ನಡವನ್ನೇ ಅರಿಯದ ಗುರು ಕನ್ನಡದ ಮಗುವಿಗೆ ಏನನ್ನು ಕಲಿಸಿಯಾನು?

ಹೊಲದ ಉತಾರ ಮರಾಠಿಯಲ್ಲಿ, ಕಚೇರಿಯ ವ್ಯವಹಾರವೂ ಮರಾಠಿಯಲ್ಲಿ. ಮಗನನ್ನು ಮರಾಠಿ ಶಾಲೆಗೆ ಸೇರಿಸುವ ತಂದೆಯನ್ನು ನಾನು ದೂರಲಾರೆ. ಮನೆಯಲ್ಲಿ ಮಾತು ಉಳಿಯುತ್ತದೆ, ಓದು ಮಾತ್ರ ಸದ್ದಿಲ್ಲದೆ ಜಾರಿಹೋಗುತ್ತದೆ. ಆ ಕಡೆಯ ಬೀಗರ ಮಕ್ಕಳು ನಮ್ಮಲ್ಲಿಗೆ ಬಂದರೆ ಅಚ್ಚ ಕನ್ನಡದಲ್ಲಿಯೇ ಹರಟುತ್ತಾರೆ; ಲಗ್ನಪತ್ರಿಕೆಯನ್ನು ಕೈಗಿತ್ತರೆ, "ನೀವೇ ಓದ್ರಿ ಕಾಕಾ" ಎನ್ನುತ್ತಾರೆ.