ಯಾದವಗಿರಿಯ ಗಾಡಿ, ಊಟಿಯ ಗಾಳಿ

ಮೈಸೂರಿನ ಯಾದವಗಿರಿ ಎಂದರೆ ಹಳಬರಿಗೆ ಮೊದಲು ನೆನಪಾಗುವುದು ಜಾವಾ ಕಾರ್ಖಾನೆ. 1961ರಲ್ಲಿ ಇಲ್ಲಿ ಮೋಟಾರ್ ಸೈಕಲ್ ತಯಾರಿಕೆ ಶುರುವಾಯಿತು. ಚೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನವರ ಕೈಕೆಲಸ. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ‘ಯೆಜ್ಡಿ’ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತಾದರೂ ಅದು ಫೋರ್ ಸ್ಟ್ರೋಕ್ ಎಂಜಿನ್, ಬೇರೆ ಊರಿನ ಗಾಡಿ. ಕಿಕ್ಕರನ್ನೇ ಮಡಿಸಿ ಗೇರ್ ಲಿವರ್ ಮಾಡಿಕೊಳ್ಳುವ ಹಳೆಯ 250 ಸಿ.ಸಿ. ಟೂ ಸ್ಟ್ರೋಕ್ ಮಾತ್ರ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಪ್ಪನಿಂದ ಮಗನಿಗೆ, ಈಗೀಗ ಮಗಳಿಗೂ ದಾಟುತ್ತಿದೆ.

ಗಾಡಿ ಕೈಗೆ ಬಂದ ಹುಡುಗರ ಮೊದಲ ಕನಸು ಊಟಿ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಆಮೇಲೆ ಘಾಟಿ. ಹೊರಡುವ ಮುನ್ನ ಹಳೆಯ ಮೆಕ್ಯಾನಿಕ್‌ಗಳು ನೋಡುವುದು ಟೈರು, ಬ್ರೇಕಿನ ಜೊತೆಗೆ ಇನ್ನೆರಡು ಸಣ್ಣ ವಸ್ತುಗಳನ್ನು: ಕಾರ್ಬೊರೇಟರ್‌ನ ಜೆಟ್ ಮತ್ತು ಸ್ಪಾರ್ಕ್ ಪ್ಲಗ್.

ಜೆಟ್ ಎಂದರೆ ನಡುವೆ ಸೂಜಿಮೊನೆಯಷ್ಟು ರಂಧ್ರವಿರುವ ಹಿತ್ತಾಳೆಯ ತುಂಡು. ನಂಬರು ದೊಡ್ಡದಾದಷ್ಟು ರಂಧ್ರ ದೊಡ್ಡದು, ಪೆಟ್ರೋಲ್ ಹೆಚ್ಚು. ಆಕ್ಸಿಲರೇಟರ್ ಸ್ವಲ್ಪವೇ ತಿರುಗಿದ್ದಾಗ ಪೈಲಟ್ ಜೆಟ್, ನಡುವಿನಲ್ಲಿ ಸ್ಲೈಡಿಗೆ ತೂಗಿದ ನೀಡಲ್, ಪೂರ್ತಿ ತಿರುಗಿಸಿದಾಗ ಮೇನ್ ಜೆಟ್ ಪೆಟ್ರೋಲಿನ ಲೆಕ್ಕ ನೋಡಿಕೊಳ್ಳುತ್ತದೆ. ಗಾಡಿ ನಿಧಾನದಲ್ಲಿ ತೊಂದರೆ ಕೊಡುತ್ತಿದ್ದರೆ ಮೇನ್ ಜೆಟ್ ಬದಲಿಸಿ ಪ್ರಯೋಜನವಿಲ್ಲ. ಹೊಸಬರು ಮಾಡುವುದು ಹೆಚ್ಚಾಗಿ ಅದನ್ನೇ!

ಪ್ಲಗ್ಗಿನ ಮಾತು ಇನ್ನೂ ಸ್ವಾರಸ್ಯಕರ. ತನ್ನ ಮೇಲೆ ಕುಳಿತ ಎಣ್ಣೆ, ಮಸಿಯನ್ನು ತಾನೇ ಸುಟ್ಟುಕೊಳ್ಳಲು ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಷಿಯಸ್ ದಾಟಬೇಕು. 850 ಮೀರಿದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ. ಬೇಗ ಶಾಖ ಬಿಟ್ಟುಕೊಡುವ ಪ್ಲಗ್ ‘ತಂಪು’, ಹಿಡಿದಿಟ್ಟುಕೊಳ್ಳುವುದು ‘ಬಿಸಿ’. ಗೊಂದಲವಿರುವುದು ಅಂಕಿಯಲ್ಲಿ. ಬಾಷ್‌ನ ಹಳೆಯ ಎಣಿಕೆಯಲ್ಲಿ 175ಕ್ಕಿಂತ 225 ತಂಪು. ಹೊಸ ಎಣಿಕೆಯಲ್ಲಿ 7ಕ್ಕಿಂತ 5 ತಂಪು. ಎನ್‌ಜಿಕೆಯದು ಮತ್ತೆ ತಿರುಗುಮುರುಗು, ಅಂಕಿ ಏರಿದಷ್ಟೂ ತಂಪು. ಅಂಗಡಿಯಲ್ಲಿ ಬರೀ ನಂಬರು ಹೇಳಿ ಪ್ಲಗ್ ತಂದವರು ಮೋಸಹೋಗುವುದು ಇಲ್ಲೇ.

ಬಂಡೀಪುರದ ಕಾಡಿನಲ್ಲಿ ಇದೆಲ್ಲ ಪರೀಕ್ಷೆಗೆ ಬರುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆಯಲ್ಲಿ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಹಗಲಿನಲ್ಲೂ ವಾಹನ ನಿಲ್ಲಿಸುವಂತಿಲ್ಲ. ಆನೆಗಳು ರಸ್ತೆ ದಾಟುವ ಜಾಗ. ಉಬ್ಬುಗಳ ಮೇಲೆ ಮೆಲ್ಲಗೆ ಸಾಗುವಾಗ ಎಂಜಿನ್ ಕಾಯುವುದಿಲ್ಲ. ತಂಪು ಪ್ಲಗ್ ಹಾಕಿದ್ದರೆ, ಪೆಟ್ರೋಲಿಗೆ ಬೆರೆಸಿದ ಎಣ್ಣೆ ತುದಿಯಲ್ಲಿ ಅಂಟಿ ಕಿಡಿ ಸತ್ತುಹೋಗುತ್ತದೆ. ಅಂಥ ಕಡೆ ಗಾಡಿಯಿಂದಿಳಿದು ಪಾನಾ ಹುಡುಕುವುದು ಯಾರಿಗೂ ಬೇಡ. ಗುಂಡ್ಲುಪೇಟೆಯಲ್ಲೇ ಟೀ ಕುಡಿಯುವ ನೆಪದಲ್ಲಿ ಪ್ಲಗ್ ಬಿಚ್ಚಿ ನೋಡುವುದು ಜಾಣತನ. ಕಾಫಿಪುಡಿಯ ಬಣ್ಣವಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಇಲ್ಲವೇ ಪ್ಲಗ್ ತಂಪು. ಬಿಳಿಚಿಕೊಂಡಿದ್ದರೆ ಮುಂದೆ ಹೋಗಲೇಬಾರದು. ಪೆಟ್ರೋಲ್ ಸಾಲದೆ ಎಂಜಿನ್ ಒಳಗೇ ಬೇಯುತ್ತಿದೆ ಎಂದರ್ಥ.

ಗೂಡಲೂರು ದಾಟಿ ಏರಲು ತೊಡಗಿದರೆ ನೀಲಗಿರಿ ತೈಲದ ಮರಗಳು, ಚಹಾ ತೋಟ, ಹಿತವಾದ ಚಳಿ. ಸವಾರನಿಗೆ ಹಿತ, ಗಾಡಿಗೆ ಉಬ್ಬಸ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಊಟಿ 2,240 ಮೀಟರ್. ಅಲ್ಲಿನ ವಾಯುಭಾರ ಮೈಸೂರಿಗಿಂತ ಸುಮಾರು ಶೇ 15ರಷ್ಟು ಕಡಿಮೆ. ಭೌತಶಾಸ್ತ್ರದ ಪಾಠ ಓದಿದ ಮಕ್ಕಳಿಗೆ ಕಾರಣ ಹೇಳಬೇಕಿಲ್ಲ: ಗಾಳಿ ತೆಳುವಾಯಿತು, ಜೆಟ್ಟಿನ ರಂಧ್ರ ಮಾತ್ರ ಅಷ್ಟೇ ಇದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಎರಡೂ ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತದೆ, ಎಳೆತ ಕುಗ್ಗುತ್ತದೆ.

ಚಿಕ್ಕ ಜೆಟ್ ಹಾಕಿದರೆ ಗಾಡಿ ಮತ್ತೆ ಚುರುಕಾಗುವುದು ನಿಜ. ಒಂದೆರಡು ದಿನದ ಪ್ರವಾಸಕ್ಕೆ ಅದು ಬೇಡದ ಉಸಾಬರಿ. ಹೊಗೆಯಾಡುತ್ತ ನಿಧಾನವಾಗಿ ಏರಿದರೆ ಎಂಜಿನ್ನಿಗೇನೂ ಆಗದು. ಚಿಕ್ಕ ಜೆಟ್ಟನ್ನು ಮರೆತು ಹಾಗೇ ಮೈಸೂರಿನತ್ತ ಇಳಿದು ಬಯಲಿನಲ್ಲಿ ಜೋರಾಗಿ ಓಡಿಸಿದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚುತ್ತದೆ; ಹಿಂದಿನ ಚಕ್ರ ಓಟದಲ್ಲೇ ನಿಂತುಬಿಡುತ್ತದೆ. ಎಂಜಿನ್ನಿನ ಸದ್ದು ಬಿಗಿಯಾದಂತೆ ಕೇಳಿದ ಕ್ಷಣವೇ ಕ್ಲಚ್ ಹಿಡಿಯುವುದನ್ನು ಮಕ್ಕಳಿಗೆ ಹೆತ್ತವರು ಮೊದಲೇ ರೂಢಿ ಮಾಡಿಸಬೇಕು.

ಸುರಕ್ಷಿತವಾಗಿರಲೆಂದು ಪೆಟ್ರೋಲಿಗೆ ಎಣ್ಣೆಯನ್ನು ಧಾರಾಳವಾಗಿ ಸುರಿಯುವವರಿದ್ದಾರೆ. ಎಣ್ಣೆ ಹೆಚ್ಚಿದಷ್ಟೂ ಜೆಟ್ಟಿನಲ್ಲಿ ಹಾಯುವ ಪೆಟ್ರೋಲ್ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಇಳಿಜಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಉದ್ದಕ್ಕೆ ಇಳಿಯುತ್ತಿದ್ದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಎಣ್ಣೆ ಮಾತ್ರ ಹನಿಯಷ್ಟೇ. ಅದಕ್ಕೇ ಊಟಿಯಿಂದ ಇಳಿಯುವ ಹಳೆಯ ಯೆಜ್ಡಿ ಸವಾರರು ನಾಲ್ಕಾರು ತಿರುವುಗಳಿಗೊಮ್ಮೆ ಕ್ಲಚ್ ಹಿಡಿದು ‘ಬುರ್’ ಎನಿಸುತ್ತಾರೆ. ದಾರಿಬದಿಯವರಿಗೆ ಅದು ಷೋಕಿಯಂತೆ ಕಾಣುತ್ತದೆ.