ಹಿಲ್ವರ್ಸಮ್‌ನ ದನಿ ವೇದಿಕೆಗೆ ಬಂದ ಬಗೆ

ನಮ್ಮ ಕಾವ್ಯಮೀಮಾಂಸೆ ಕಾವ್ಯವನ್ನು ಶ್ರವ್ಯ, ದೃಶ್ಯ ಎಂದು ಎರಡಾಗಿ ವಿಂಗಡಿಸಿತು. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಈ ವಿಂಗಡಣೆಯನ್ನು ಪಾಠ ಮಾಡುತ್ತ ಬಂದಿದ್ದೇನೆ. ಪಾಠ ಮಾಡುವಾಗಲೆಲ್ಲ ನನ್ನ ಒಲವು ಶ್ರವ್ಯದ ಕಡೆಗೇ ಇರುತ್ತಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಕಣ್ಣಿಗೆ ಕೆಲಸವಿಲ್ಲದಾಗ ಕಿವಿ ಚುರುಕಾಗುತ್ತದೆ, ಕಿವಿ ಚುರುಕಾದಾಗ ಅರ್ಥ ಆಳಕ್ಕಿಳಿಯುತ್ತದೆ ಎಂದು ನಂಬಿದ್ದೆ. ಈ ನಂಬಿಕೆಯನ್ನು ನನಗೆ ಕೊಟ್ಟದ್ದು ಶಾಸ್ತ್ರಗ್ರಂಥವಲ್ಲ, ಮನೆಯ ರೇಡಿಯೋ. ಅದನ್ನು ಅಲುಗಾಡಿಸಿದ್ದೂ ರೇಡಿಯೋದಿಂದಲೇ ಹುಟ್ಟಿದ, ದೂರದ ನೆದರ್ಲ್ಯಾಂಡ್ಸ್‌ನ ಒಂದು ವಾದ್ಯವೃಂದ.

ಹೈಸ್ಕೂಲಿನ ದಿನಗಳಲ್ಲಿ ಕಿರುತರಂಗದ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೊರದೇಶದ ನಿಲಯಗಳನ್ನು ಹುಡುಕುವುದು ನನ್ನ ಹವ್ಯಾಸವಾಗಿತ್ತು. ಭಾನುವಾರಗಳಂದು ರೇಡಿಯೋ ನೆದರ್ಲ್ಯಾಂಡ್ಸ್‌ನ ‘ಹ್ಯಾಪಿ ಸ್ಟೇಷನ್’ ಸಿಕ್ಕರೆ ಹಬ್ಬ. 1928ರಲ್ಲಿ ಫಿಲಿಪ್ಸ್ ಕಂಪನಿಯ ಕಿರುತರಂಗ ಕೇಂದ್ರದಿಂದ ಎಡ್ಡಿ ಸ್ಟಾರ್ಟ್ಸ್ ಆರಂಭಿಸಿದ ಕಾರ್ಯಕ್ರಮವದು. ನಾನು ಕೇಳುವ ಹೊತ್ತಿಗೆ ಟಾಮ್ ಮೈಯರ್ ಅದನ್ನು ನಡೆಸಿಕೊಡುತ್ತಿದ್ದರು. ಪತ್ರ ಬರೆಯಬೇಕಾದ ವಿಳಾಸವನ್ನು ಪ್ರತಿ ಬಾರಿಯೂ ಹೇಳುತ್ತಿದ್ದರು: ಅಂಚೆ ಪೆಟ್ಟಿಗೆ 222, ಹಿಲ್ವರ್ಸಮ್. ಆ ಊರಿನ ಹೆಸರು ನನಗೆ ಮಂತ್ರದಂತೆ ಬಾಯಿಪಾಠವಾಯಿತು. ಅಲ್ಲಿಂದ ತೇಲಿಬರುತ್ತಿದ್ದ ಸಂಗೀತವನ್ನು ನುಡಿಸುವವರ ಮುಖ ಹೇಗಿರಬಹುದೆಂದು ನಾನು ಎಂದೂ ಯೋಚಿಸಲಿಲ್ಲ. ಅವರು ಬರಿಯ ದನಿಯಾಗಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

ಡಚ್ಚರಿಗೂ ರೇಡಿಯೋಕ್ಕೂ ಇರುವ ನಂಟು ಹಳೆಯದು. 1919ರ ನವೆಂಬರ್ 6ರಂದು ಹೇಗ್ ನಗರದ ಎಂಜಿನಿಯರ್ ಹಾನ್ಸೊ ಇಡ್ಜೆರ್ಡಾ ಪತ್ರಿಕೆಯಲ್ಲಿ ಮುಂಚಿತವಾಗಿ ಪ್ರಕಟಣೆ ಕೊಟ್ಟು, ತನ್ನ ಮನೆಯಿಂದಲೇ ಸಂಗೀತ ಪ್ರಸಾರ ಮಾಡಿದ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಇಲ್ಲಿ ಸಹಜವಾಗಿ ನೆನಪಾಗುತ್ತಾರೆ. ಮುಂದೆ ಹಿಲ್ವರ್ಸಮ್ ಡಚ್ ಪ್ರಸಾರದ ಕೇಂದ್ರವಾಯಿತು. ಆ ಸಮಾಜ ಆಗ ಮತಪಂಥಗಳಾಗಿ, ರಾಜಕೀಯ ಪಂಥಗಳಾಗಿ ಒಡೆದಿತ್ತು. ಕ್ಯಾಥೊಲಿಕರಿಗೆ ಒಂದು ಪ್ರಸಾರ ಸಂಘ, ಪ್ರಾಟೆಸ್ಟಂಟರಿಗೆ ಇನ್ನೊಂದು, ಸಮಾಜವಾದಿಗಳಿಗೆ ಮತ್ತೊಂದು. ಶಾಲೆ, ಪತ್ರಿಕೆಗಳು ಬೇರೆಯಾದಂತೆ ಆಲಿಸುವ ಕಿವಿಗಳೂ ಬೇರೆಯಾಗಿದ್ದವು.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಇದೇ ಪ್ರಸಾರ ವ್ಯವಸ್ಥೆಯೊಳಗೆ ಮೆಟ್ರೊಪೋಲ್ ಆರ್ಕೆಸ್ಟ್ ಹುಟ್ಟಿತು. ಡಾಲ್ಫ್ ವಾನ್ ಡರ್ ಲಿಂಡೆನ್ ಅದನ್ನು ಕಟ್ಟಿ 1980ರವರೆಗೆ, ಅಂದರೆ ಮೂವತ್ತೈದು ವರ್ಷ ಮುನ್ನಡೆಸಿದರು. ಇದರ ರಚನೆ ವಿಶಿಷ್ಟವಾದುದು. ಪಾಶ್ಚಾತ್ಯ ಶಾಸ್ತ್ರೀಯ ಮೇಳದ ಪಿಟೀಲು ಸಮೂಹ ಒಂದು ಕಡೆ, ಜಾಝ್ ಮೇಳದ ತುತ್ತೂರಿ, ಸ್ಯಾಕ್ಸೊಫೋನ್‌ಗಳು ಇನ್ನೊಂದು ಕಡೆ, ಇವೆರಡರ ನಡುವೆ ಡ್ರಮ್, ಬೇಸ್, ಗಿಟಾರ್, ಪಿಯಾನೊಗಳ ಲಯವಿಭಾಗ. ರೇಡಿಯೋದ ಅಗತ್ಯವೇ ಈ ರಚನೆಗೆ ಕಾರಣ. ಇಂದು ಚಲನಚಿತ್ರ ಗೀತೆ, ನಾಳೆ ಲಘುಸಂಗೀತ, ನಾಡಿದ್ದು ಜಾಝ್ ಎಂಬಂತೆ ಕಾರ್ಯಕ್ರಮಗಳು ಬದಲಾಗುತ್ತಿದ್ದವು. ಹೊಸ ಸ್ವರಲಿಪಿಯನ್ನು ಕಂಡೊಡನೆ ನುಡಿಸಬೇಕು, ನಿಗದಿತ ನಿಮಿಷಕ್ಕೆ ಮುಗಿಸಬೇಕು. ಚಪ್ಪಾಳೆಯ ಆಸರೆಯಿಲ್ಲದ ಧ್ವನಿಕೋಣೆಯಲ್ಲಿ ದಶಕಗಳ ಕಾಲ ನಡೆದ ಶ್ರಮವದು.

2010ರ ನಂತರದ ವರ್ಷಗಳಲ್ಲಿ ಡಚ್ ಸರ್ಕಾರ ಸಂಸ್ಕೃತಿ ಮತ್ತು ಪ್ರಸಾರದ ಅನುದಾನವನ್ನು ತೀವ್ರವಾಗಿ ಕಡಿತಗೊಳಿಸಿತು. 2012ರಲ್ಲಿ ರೇಡಿಯೋ ನೆದರ್ಲ್ಯಾಂಡ್ಸ್‌ನ ಇಂಗ್ಲಿಷ್ ಪ್ರಸಾರ ನಿಂತುಹೋಯಿತು. ನನ್ನ ಬಾಲ್ಯದ ಆ ದನಿ ಆರಿತು. 2013ರಲ್ಲಿ ರೇಡಿಯೋದ ಇನ್ನೊಂದು ವಾದ್ಯವೃಂದವಾದ ಚೇಂಬರ್ ಫಿಲ್ಹಾರ್ಮೊನಿಕ್ ವಿಸರ್ಜನೆಗೊಂಡಿತು. ಮೆಟ್ರೊಪೋಲ್ ಕೂಡ ಅಳಿವಿನ ಅಂಚಿಗೆ ಬಂದು, ಪ್ರಸಾರದ ಆಶ್ರಯದಿಂದ ಹೊರಬಿದ್ದು, ಸ್ವತಂತ್ರವಾಗಿ ಉಳಿದುಕೊಂಡಿತು. ವೇದಿಕೆ ಅದಕ್ಕೆ ಹೊಸದೇನಲ್ಲ. ಆದರೆ ಇನ್ನು ಮುಂದೆ ಎದುರಿಗೆ ಬಂದು ಕೂರುವ ಜನರೇ ಅದರ ಮುಖ್ಯ ಆಶ್ರಯವಾಗಬೇಕಿತ್ತು. ಆ ವರ್ಷ ಮುಖ್ಯ ನಿರ್ದೇಶಕರಾಗಿ ಬಂದ ಬ್ರಿಟನ್ನಿನ ಜೂಲ್ಸ್ ಬಕ್ಲಿ, ಯುವಜನರ ಲಯಪ್ರಧಾನ ಸಂಗೀತದತ್ತ ಅದನ್ನು ಇನ್ನಷ್ಟು ಒಯ್ದರು.

ಫಂಕ್ ಎಂಬುದು 1960ರ ದಶಕದ ಅಮೆರಿಕದಲ್ಲಿ, ಜೇಮ್ಸ್ ಬ್ರೌನ್‌ನಂಥ ಕಪ್ಪು ಕಲಾವಿದರ ಕೈಯಲ್ಲಿ ರೂಪುಗೊಂಡ ಸಂಗೀತ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಆವರ್ತದ ಮೊದಲ ಪೆಟ್ಟಿನ ಮೇಲೆ ಇಡೀ ಭಾರವನ್ನು ಹೊರಿಸಿ, ಉಳಿದ ಮಾತ್ರೆಗಳಲ್ಲಿ ಬೇಸ್, ಗಿಟಾರ್, ಡ್ರಮ್‌ಗಳು ಒಂದರ ಸಂದಿನಲ್ಲಿ ಇನ್ನೊಂದು ಹೆಣೆದುಕೊಳ್ಳುವ ಕ್ರಮ. ಸ್ವರವನ್ನು ಎಲ್ಲಿ ತಡೆಯಬೇಕೆಂಬುದೇ ಅಲ್ಲಿನ ಕಲೆ. ಕಮಾನಿನ ವಾದ್ಯಕ್ಕೆ ಇದು ಸುಲಭವಲ್ಲ. ಅದರ ಸಹಜಗುಣ ಸ್ವರವನ್ನು ಎಳೆಯುವುದು. ಹತ್ತಾರು ಪಿಟೀಲುಗಳು ಒಂದು ಕ್ಷಣ ತಡವರಿಸಿದರೂ ಲಯದ ಕಟ್ಟು ಸಡಿಲಗೊಳ್ಳುತ್ತದೆ. ರೇಡಿಯೋದ ದಶಕಗಳು ಕಲಿಸಿದ ನಿಖರತೆ ಇಲ್ಲಿ ಅವರ ನೆರವಿಗೆ ಬಂತು.

ಅಮೆರಿಕದ ಸ್ನಾರ್ಕಿ ಪಪ್ಪಿ ತಂಡದೊಡನೆ ಡಾರ್ಡ್ರೆಕ್ಟ್ ನಗರದಲ್ಲಿ ಶ್ರೋತೃಗಳ ಎದುರಿಗೇ ಮುದ್ರಿಸಿದ ‘ಸಿಲ್ವಾ’ 2015ರಲ್ಲಿ ಹೊರಬಂದು, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಗಿಟಾರ್ ವಾದಕ ಕೋರಿ ವಾಂಗ್ ಅವರೊಂದಿಗಿನ ‘ಲೈವ್ ಇನ್ ಆಮ್ಸ್ಟರ್‌ಡ್ಯಾಮ್’ 2020ರಲ್ಲಿ ಬಂತು. ಇದು ಅಪ್ಪಟ ಫಂಕ್. ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಇದನ್ನು ತೋರಿಸಿ, “ಸರ್, ನೀವು ಹೇಳ್ತಿದ್ದ ಹಿಲ್ವರ್ಸಮ್‌ನವರೇ ನೋಡಿ ಇವರು” ಎಂದಾಗ, ನಾನು ಮೊದಲ ಬಾರಿಗೆ ಆ ದನಿಯ ಮುಖಗಳನ್ನು ಕಂಡೆ. ಪಿಟೀಲು ಹಿಡಿದವರು ತಲೆದೂಗುತ್ತಿದ್ದರು. ಕೇಳಲು ಬಂದವರು ನಿಂತಲ್ಲೇ ತೂಗುತ್ತಿದ್ದರು. ಸಂತೋಷವಾಗಬೇಕಿತ್ತು. ನನಗೆ ನಾಚಿಕೆಯಾಯಿತು.

ಕಾರಣವನ್ನು ಹೇಳುತ್ತೇನೆ. ಹಿಂದೆ ಹಲವು ವರ್ಷ ಒಂದು ರೇಡಿಯೋ ನಿಲಯದಲ್ಲಿ ಹಿರಿಯ ಗಮಕಿಯೊಬ್ಬರು ಕುಮಾರವ್ಯಾಸ ಭಾರತವನ್ನು ವಾಚನ ಮಾಡುತ್ತಿದ್ದರು, ನಾನು ವ್ಯಾಖ್ಯಾನ ಮಾಡುತ್ತಿದ್ದೆ. ಒಂದು ದಿನ ಆ ಕಾರ್ಯಕ್ರಮ ನಿಂತಿತು. ನಿಲಯದ ಮೆಟ್ಟಿಲಿಳಿಯುವಾಗ ಅವರು, “ಮೇಷ್ಟ್ರೇ, ಜನ ಇರೋ ಕಡೆ ನಾವೇ ಹೋಗೋಣ. ಶಾಲೆ, ಗುಡಿ, ಸಂತೆ, ಎಲ್ಲಾದರೂ ಸರಿ” ಎಂದರು. “ಸಂತೆಯಲ್ಲಿ ಕಾವ್ಯ ಯಾರಿಗೆ ಬೇಕು, ಸ್ವಾಮಿ? ಇದು ಮೌನದಲ್ಲಿ ಕೇಳಬೇಕಾದದ್ದು” ಎಂದು ನಾನು ತಳ್ಳಿಹಾಕಿದೆ. ಅವರು ಮತ್ತೆರಡು ಸಲ ಕೇಳಿದರು. ಆಮೇಲೆ ಕೇಳಲಿಲ್ಲ. ಈಗ ಅವರಿಲ್ಲ.

ಅಂದು ನಾನು ಶಾಸ್ತ್ರದ ಮಾತನ್ನು ಆಡಿದೆನೆಂದು ಭಾವಿಸಿದ್ದೆ. ನಿಜವಾಗಿ ಆಡಿದ್ದು ಅಂಜಿಕೆಯ ಮಾತು. ಗಾಜಿನ ಕೋಣೆಯಲ್ಲಿ ಯಾರೂ ಎದ್ದುಹೋಗುವುದು ಕಾಣುವುದಿಲ್ಲ. ಜನರೆದುರು ಕಾಣುತ್ತದೆ. ಗಮಕವಂತೂ ಹುಟ್ಟಿದ್ದೇ ಜನರ ನಡುವೆ. ರೇಡಿಯೋ ಅದಕ್ಕೆ ನಡುದಾರಿಯಲ್ಲಿ ಸಿಕ್ಕ ತಂಗುದಾಣ. ಹಿಲ್ವರ್ಸಮ್‌ನವರು ಧ್ವನಿಕೋಣೆಯಲ್ಲಿ ಹುಟ್ಟಿಯೂ ಹೊರಗೆ ಬಂದರು. ಹೊರಗೇ ಹುಟ್ಟಿದ ಕಲೆಯನ್ನು ನಾನು ಒಳಗೆ ಕೂಡಿಹಾಕಲು ಹೊರಟಿದ್ದೆ.

ಶ್ರವ್ಯದ ಮೇಲಿನ ನನ್ನ ಒಲವು ಇಂದಿಗೂ ಹೋಗಿಲ್ಲ. ‘ಸಿಲ್ವಾ’ಕ್ಕಿಂತ ಮೊದಲು, 2013ರಲ್ಲಿ, ಸ್ನಾರ್ಕಿ ಪಪ್ಪಿ ತಂಡ ಉಟ್ರೆಕ್ಟ್ ನಗರದಲ್ಲಿ ಇನ್ನೊಂದು ಧ್ವನಿಮುದ್ರಣ ನಡೆಸಿತು. ಅಲ್ಲಿ ಶ್ರೋತೃಗಳು ಕಲಾವಿದರಿಂದ ಕೈಯಳತೆಯ ದೂರದಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಧರಿಸಿ ಕೇಳಿದರು. ಎದುರಿಗೆ ಮುಖವಿದೆ, ಕಿವಿಯೊಳಗೆ ರೇಡಿಯೋದ ಏಕಾಂತವಿದೆ. ಆ ದೃಶ್ಯವನ್ನು ಈಗ ಶ್ರವ್ಯ-ದೃಶ್ಯಗಳ ಪಾಠದಲ್ಲಿ ಉದಾಹರಣೆಯಾಗಿ ಕೊಡುತ್ತೇನೆ.

ಕಳೆದ ತಿಂಗಳು ಕಾಲೇಜಿನ ಹೊಂಗೆ ಮರದ ಕೆಳಗೆ, ಆ ಗಮಕಿಗಳ ಶಿಷ್ಯೆಯೊಬ್ಬಳು ಕುಮಾರವ್ಯಾಸನನ್ನು ವಾಚಿಸಿದಳು, ನಾನು ವ್ಯಾಖ್ಯಾನಿಸಿದೆ. ಹನ್ನೊಂದು ಜನ ಬಂದಿದ್ದರು. ನಡುವೆ ಇಬ್ಬರು ಎದ್ದುಹೋದರು, ನಾನು ನೋಡಿದೆ. ಒಂದು ಪದ್ಯವನ್ನು ಮತ್ತೊಮ್ಮೆ ವಾಚಿಸಬೇಕೆಂದು ಉಳಿದ ಒಂಬತ್ತು ಜನ ಕೇಳಿದರು. ರೇಡಿಯೋದಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಹಾಗೆ ಕೇಳುವ ಅವಕಾಶ ಯಾರಿಗೂ ಇರಲಿಲ್ಲ.