ಮಗ್ಗದ ಮನೆಗೆ ಬಂದ ವೆನಿಸ್

ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಮನೆಗಳಲ್ಲಿ ಹುಟ್ಟಿದವರಿಗೆ ಶಾಲೆ ಎಂದರೆ ತಮಿಳು. ಒಲೆಯ ಮುಂದೆ ಅಜ್ಜಿಯ ಕನ್ನಡ, ಬೀದಿಯಲ್ಲಿ ಅರ್ಧ ಇದು ಅರ್ಧ ಅದು, ಕರಿಹಲಗೆಯ ಮೇಲೆ ಪೂರಾ ತಮಿಳು. ಸೇಲಂನ ನೇಯ್ಗೆಯ ಬೀದಿಗಳಲ್ಲಿ ನಮ್ಮ ದೇವಾಂಗರ ಕನ್ನಡದ ಪಕ್ಕದಲ್ಲೇ ತೆಲುಗು ಇತ್ತು, ಸೌರಾಷ್ಟ್ರರ ಮಾತಿತ್ತು. ಆದರೆ ಗಂಟೆ ಹೊಡೆದು ಕ್ಲಾಸಿನೊಳಗೆ ಕಾಲಿಟ್ಟರೆ ಎಲ್ಲವೂ ಹೊರಗೇ ಉಳಿಯುತ್ತಿತ್ತು. ತಮಿಳು ಪೀರಿಯಡ್ಡಿನಲ್ಲಿ ನಾವು ಒಂದು ಹೆಜ್ಜೆ ಹಿಂದೆ. ಸಂಗಂ ಪದ್ಯವನ್ನು ಎದ್ದು ನಿಂತು ಓದಬೇಕಾದರೆ ನಾಲಿಗೆ ತಡವರಿಸುತ್ತಿತ್ತು.

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮಾತ್ರ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತವರು. ಅದು ಯಾರ ಮನೆಯ ಮಾತೂ ಆಗಿರಲಿಲ್ಲ. ಹಾಗಾಗಿ ಅಲ್ಲಿ ಕೇಳಿದ ಕಥೆಯನ್ನು ಪ್ರತಿಯೊಬ್ಬನೂ ತನ್ನ ಮನೆಯ ಮಾತಿಗೆ ತಾನೇ ತಂದುಕೊಳ್ಳಬೇಕಿತ್ತು. ನಾನು ಹಂಬಲಿಸುವುದು ಆ ಕೆಲಸಕ್ಕಾಗಿ. ನಮ್ಮ ಕನ್ನಡಕ್ಕೆ ಶಾಲೆಯ ಲೆಕ್ಕದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ಇಂಗ್ಲಿಷ್ ಪಾಠ ಅದಕ್ಕೊಂದು ಕೆಲಸ ಕೊಟ್ಟಿತ್ತು.

ಅಪ್ಪನ ತಲೆಮಾರಿನವರು ಫಸ್ಟ್ ಫಾರಂ, ಸೆಕೆಂಡ್ ಫಾರಂ ಎಂದು ಎಣಿಸುತ್ತಿದ್ದರು. ನಾವು 1970ರ ದಶಕದವರು ಆರನೇ ಕ್ಲಾಸು, ಏಳನೇ ಕ್ಲಾಸು ಎನ್ನುತ್ತಿದ್ದೆವು. ಎಬಿಸಿಡಿ ಪ್ರೈಮರಿಯಲ್ಲೇ ಆಗಿತ್ತು, ಆದರೆ ಓದು ಎನ್ನಬಹುದಾದದ್ದು ಶುರುವಾದದ್ದು ಮಿಡ್ಲ್ ಸ್ಕೂಲಿನಲ್ಲಿ. ಅಷ್ಟರಲ್ಲಿ ಮದರಾಸಿನ ಪಠ್ಯಕ್ರಮಕ್ಕೆ ಹೊಸ ಪದ್ಧತಿ ಬಂದು ಎರಡು ದಶಕವಾಗಿತ್ತು. ಒಂದೊಂದು ವಾಕ್ಯದ ಅಚ್ಚನ್ನು ತೆಗೆದುಕೊಂಡು, ಪದ ಬದಲಿಸಿ ಬದಲಿಸಿ ನೂರು ಸಲ ಹೇಳಿಸುವ ಪದ್ಧತಿ. ನಮ್ಮ ಮೇಷ್ಟ್ರು ಅದನ್ನೂ ಹೇಳಿಸುತ್ತಿದ್ದರು, ಇನ್‌ಸ್ಪೆಕ್ಟರ್ ಬಂದಾಗ. ಉಳಿದ ದಿನ ಅವರ ಮೇಜಿನ ಮೇಲೆ ರೆನ್ ಅಂಡ್ ಮಾರ್ಟಿನ್ನರ ದಪ್ಪ ವ್ಯಾಕರಣ. ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲಿ, ಇಲ್ಲಿಯ ಹುಡುಗರಿಗೆಂದೇ ಬರೆದ ಪುಸ್ತಕ. ಅದರ ರೆನ್ ಸಾಹೇಬರೇ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯನ್ನೂ ಬರೆದವರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದಾಗ ಖುಷಿಯಾಯಿತು. ಆಕ್ಟಿವ್, ಪ್ಯಾಸಿವ್, ಡೈರೆಕ್ಟ್, ಇನ್‌ಡೈರೆಕ್ಟ್ ಎಂದು ನಮ್ಮನ್ನು ಹಣ್ಣು ಮಾಡಿದ ಮನುಷ್ಯನೊಳಗೂ ಒಬ್ಬ ಕಥೆಗಾರನಿದ್ದ.

ಪಾಠಗಳಲ್ಲಿ ಎರಡು ಜಾತಿ. ಡೀಟೇಲ್ಡ್ ಎಂದರೆ ಸಾಲು ಸಾಲು ಬಿಡಿಸಿ ಓದಬೇಕಾದದ್ದು. ನಾನ್-ಡೀಟೇಲ್ಡ್ ಎಂದರೆ ಕಥೆಯ ಪುಸ್ತಕ, ತೆಳ್ಳಗೆ, ಒಂದೇ ಬಣ್ಣದ ರಟ್ಟಿನದು. ನಮ್ಮ ಪಾಲಿಗೆ ಬಂದದ್ದು ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಎಂಬ ಅಕ್ಕ-ತಮ್ಮಂದಿರಲ್ಲಿ ತಮ್ಮ ಚಾರ್ಲ್ಸ್ ದುರಂತಗಳನ್ನೂ ಅಕ್ಕ ಮೇರಿ ಸುಖಾಂತಗಳನ್ನೂ ಹಂಚಿಕೊಂಡು, 1807ರಲ್ಲಿ ಮಕ್ಕಳಿಗಾಗಿ ಹೊರತಂದ ಶೇಕ್ಸ್‌ಪಿಯರ್ ಕಥೆಗಳ ಒಂದು ಸುಲಭ ರೂಪ. ಶುಕ್ರವಾರ ಮಧ್ಯಾಹ್ನದ ಕೊನೆಯ ಪೀರಿಯಡ್ಡು ಅದಕ್ಕೆ ಮೀಸಲು. ಮೇಷ್ಟ್ರು ಓದುವರು, ನಾವು ಕೇಳುವೆವು. ಪ್ರಶ್ನೆ ಇಲ್ಲ, ನೋಟ್ಸ್ ಇಲ್ಲ. ಅರ್ಥವಾಗದ ಕಡೆ ತಮಿಳಿನಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುವರು. ಗಂಟೆ ಹೊಡೆದರೂ ಯಾರೂ ಚೀಲ ಮುಟ್ಟುತ್ತಿರಲಿಲ್ಲ.

ಮನೆಗೆ ಬಂದರೆ ಅಜ್ಜಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿರುತ್ತಿದ್ದಳು. ಅಪ್ಪ ಮಗ್ಗದಲ್ಲಿ. ಲಾಳಿಯ ಸದ್ದಿನ ನಡುವೆ ಗಂಟಲೆತ್ತಿ ಹೇಳಬೇಕು. ವೆನಿಸಿನ ವ್ಯಾಪಾರಿಯ ಕಥೆಯನ್ನು ನಾನು ಹಾಗೆ ಹೇಳಿದ್ದೆ. ಸಾಲ, ಪತ್ರ, ವಾಯಿದೆ, ತೀರಿಸಲಾಗದೆ ಹೋದರೆ ಮೈಯಿಂದ ಒಂದು ಪೌಂಡು ಮಾಂಸ. ಬೇರೆ ಕಥೆಗಳಲ್ಲಿ ದೇಶ ಯಾವುದು, ಊರು ಯಾವುದು ಎಂದು ಕೇಳುತ್ತಿದ್ದ ಅಜ್ಜಿ ಇದರಲ್ಲಿ ಏನೂ ಕೇಳಲಿಲ್ಲ. ನೂಲನ್ನು ಸಾಹುಕಾರನಿಂದ ತಂದು, ಸೀರೆಯನ್ನು ಅವನಿಗೇ ಕೊಟ್ಟು, ವರ್ಷದ ಕೊನೆಗೆ ಲೆಕ್ಕ ನೋಡಿದರೆ ಮುಂಗಡ ಹಾಗೇ ಉಳಿದಿರುವ ಮನೆ ನಮ್ಮದು. ವೆನಿಸ್ ಎಲ್ಲಿದೆ ಎಂದು ಅಲ್ಲಿ ಯಾರಿಗೆ ಬೇಕು?

ಅಪ್ಪ ಲಾಳಿ ನಿಲ್ಲಿಸಿ, “ಪತ್ರ ಬರ್ಕೊಟ್ಟವ್ನದೇ ತಪ್ಪು. ಓದಿ ನೋಡ್ದೆ ಯಾಕೆ ಸಯಿ ಹಾಕ್ಬೇಕಿತ್ತು?” ಅಂದ. ಪೋರ್ಶಿಯಾ ಬಂದು, ಮಾಂಸ ತಗೋ, ಒಂದು ತೊಟ್ಟು ರಕ್ತ ಬೀಳಬಾರದು ಎಂದಾಗ ಪಕ್ಕದ ಮನೆಯ ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಕಥೆ ಮುಗಿಯಿತು. ಅಜ್ಜಿ ಮಾತ್ರ ರಾಟೆ ತಿರುಗಿಸುತ್ತ ಸುಮ್ಮನಿದ್ದು, ಆಮೇಲೆ ಕೇಳಿದಳು: “ಸಾಲ ಕೊಟ್ಟೋನು ಕೆಟ್ಟೋನೇ, ಸರಿ. ಅವನ ದುಡ್ಡೂ ಕಿತ್ಕೊಂಡ್ರು, ದೇವ್ರನ್ನೂ ಬಿಡ್ಸಿದ್ರು. ಅದ್ಯಾವ ನ್ಯಾಯನೋ?”

ಸೋಮವಾರ ಕ್ಲಾಸಿನಲ್ಲಿ ಆ ಪ್ರಶ್ನೆಯನ್ನು ಎದ್ದು ನಿಂತು ಕೇಳಿದೆ, ಮುರುಕು ಇಂಗ್ಲಿಷಿನಲ್ಲಿ. ಮೇಷ್ಟ್ರು ಪುಸ್ತಕ ಮಡಚಿದರು. ದೊಡ್ಡ ದೊಡ್ಡ ವಿದ್ವಾಂಸರು ಇದನ್ನೇ ಕೇಳುತ್ತ ಬಂದಿದ್ದಾರೆ ಎಂದರು. ಅಕ್ಷರ ಬಾರದ ನನ್ನ ಅಜ್ಜಿ ಕಂಡಿಕೆ ಸುತ್ತುತ್ತ ಶೈಲಾಕನ ಜೊತೆ ಇಡೀ ಸಂಜೆ ಕಳೆದಿದ್ದಳು. ಸಾಹಿತ್ಯದ ಪಾಠ ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ಇವತ್ತಿಗೂ ನಾನು ಹೇಳುವುದು ಆ ಸಂಜೆಯನ್ನು.

ಹೈಸ್ಕೂಲಿಗೆ ಧರ್ಮಪುರಿಗೆ ಬಂದೆ, ಸೋದರಮಾವನ ಮನೆಗೆ. ತೊಪ್ಪೂರು ಕಣಿವೆ ಹತ್ತಿದರೆ ಗಾಳಿಯೇ ಬೇರೆ, ಕಿವಿಗೆ ಬೀಳುವ ಕನ್ನಡವೂ ಬೇರೆ: ಪೆನ್ನಾಗರಂ, ಪಾಲಕ್ಕೋಡು ಕಡೆಯ ಒಕ್ಕಲಿಗರ ಮಾತು ಸಂತೆಯಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಆ ನೆಲದಲ್ಲಿ ಇಂಗ್ಲಿಷಿಗೂ ಹಳೆಯ ನಂಟು. 1792ರಲ್ಲಿ ಟಿಪ್ಪು ಬಾರಾಮಹಲ್ ಎಂಬ ಈ ಸೀಮೆಯನ್ನು ಬಿಟ್ಟುಕೊಟ್ಟ ಮೇಲೆ ಕ್ಯಾಪ್ಟನ್ ರೀಡ್ ಕೈಕೆಳಗೆ ಥಾಮಸ್ ಮನ್ರೋ ಕಂದಾಯದ ಕೆಲಸ ಮಾಡಿದ್ದು ಧರ್ಮಪುರಿಯಲ್ಲಿ. ಅವನೇ ಮುಂದೆ ಮದರಾಸಿನ ಗವರ್ನರಾಗಿ 1822ರಲ್ಲಿ ಜಿಲ್ಲೆ ಜಿಲ್ಲೆಯ ಶಾಲೆಗಳ ಲೆಕ್ಕ ತರಿಸಿದ. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಿಗೆ ಮಾತ್ರ ಮನ್ರೋಗಿಂತ ರಾಜಾಜಿ ಮೇಲೆ ಅಭಿಮಾನ. ಹೊಸೂರಿನ ಹತ್ತಿರ ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಸೇಲಂನಲ್ಲಿ ವಕೀಲಿ ಮಾಡಿದವರು. ಹೊಸೂರು ಆಗ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾದಾಗ ಅಲ್ಲಿಗೆ ಸೇರಿತು, 2004ರಿಂದ ಕೃಷ್ಣಗಿರಿಯದು. “ನಿಮ್ಮ ಜಿಲ್ಲೆಯ ಹುಡುಗ ಕಣ್ರೋ, ವ್ಯಾಸರ ಭಾರತವನ್ನು ಇಂಗ್ಲಿಷಿನಲ್ಲಿ ಹೇಳಿದ” ಎನ್ನುವರು. ಆ ಪುಸ್ತಕವನ್ನು ಎತ್ತಿ ತೋರಿಸಿ ಓದುವರು. ಅದರ ವಾಕ್ಯಗಳು ನಮಗೂ ಹತ್ತುವಷ್ಟು ಸರಳ.

ಈ ಮೇಷ್ಟ್ರು ಹೊಸೂರು ಕಡೆಯವರು, ಕನ್ನಡ ಬಲ್ಲವರು. ಮೆಮೊರಿ ಪೊಯಂ ಒಪ್ಪಿಸಿದ ಮೇಲೆ ನಮ್ಮಂಥ ನಾಲ್ಕು ಹುಡುಗರನ್ನು ಉಳಿಸಿಕೊಂಡು ಒಂದು ದಿನ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ತೆರೆದರು. 1926ರ ಪುಸ್ತಕ. ಮೈಸೂರಿನ ಇಂಗ್ಲಿಷ್ ಪ್ರೊಫೆಸರೊಬ್ಬರು ಹುಡ್, ನ್ಯೂಮನ್ ಮುಂತಾದವರನ್ನು ಕನ್ನಡದಲ್ಲಿ ಹಾಡುವ ಹಾಗೆ ಮಾಡಿದ್ದರು. ಮೇಷ್ಟ್ರು ಓದಿದಾಗ ನನ್ನ ಮೈ ಬಿಸಿಯಾಯಿತು. ನಾನು ಅಜ್ಜಿಗೆ ರಾಟೆಯ ಮುಂದೆ ಮಾಡುತ್ತಿದ್ದ ಕೆಲಸವನ್ನು ಇವರು ಎಷ್ಟು ಎತ್ತರದಲ್ಲಿ ಮಾಡಿದ್ದಾರೆ! ಪುಸ್ತಕ ಕೈಗೆ ಕೊಟ್ಟರು. ಒಂದಕ್ಷರ ಓದಲಾಗಲಿಲ್ಲ. ಕನ್ನಡದಲ್ಲಿ ಕನಸು ಕಾಣುತ್ತಿದ್ದ ನಮಗೆ ಕನ್ನಡದ ಲಿಪಿ ಬರುತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಆ ವರ್ಷ ಸ್ಕೂಲು ಬಿಟ್ಟ ಮೇಲೆ ಅವರೇ ಅ ಆ ಇ ಈ ತಿದ್ದಿಸಿದರು. ಇಂಗ್ಲಿಷ್ ಪದ್ಯದ ದಾರಿಯಲ್ಲಿ ನಡೆದು ನನ್ನ ಭಾಷೆಯ ಅಕ್ಷರಕ್ಕೆ ಬಂದೆ. ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಸಂಜೆಗಳ ಋಣ.

ಇನ್ನೊಂದು ಆಸರೆ ಲೈಬ್ರರಿ. ಸ್ವತಂತ್ರ ಭಾರತದಲ್ಲಿ ಮೊದಲಿಗೆ ಗ್ರಂಥಾಲಯ ಕಾಯ್ದೆ ಮಾಡಿದ್ದು ಮದರಾಸು, 1948ರಲ್ಲಿ. ಅದರ ಫಲವಾಗಿ ಊರೂರಿಗೆ ಬಂದ ನೂಲಗಂಗಳಲ್ಲಿ ಇಂಗ್ಲಿಷಿನದೂ ಒಂದು ಬೀರು ಇರುತ್ತಿತ್ತು; ಸುಲಭ ರೂಪದ ಡಿಕನ್ಸ್, ಸ್ಟೀವನ್ಸನ್ ನನಗೆ ಸಿಕ್ಕಿದ್ದು ಅಲ್ಲೇ.

1978ರಲ್ಲಿ ಹೈಯರ್ ಸೆಕೆಂಡರಿ ಬಂತು. ಮಾರ್ಕಿನ ಮೇಲೆ ಕಾಲೇಜು, ಕಾಲೇಜಿನ ಮೇಲೆ ಬದುಕು ಎಂಬ ಲೆಕ್ಕ ಬಿಗಿಯಾಗುತ್ತ ಹೋಯಿತು. ನಮ್ಮ ಜಿಲ್ಲೆಗಳ ಸುತ್ತ ಬೆಳೆದ ಹಾಸ್ಟೆಲ್ ಶಾಲೆಗಳಲ್ಲಿ ಬೆಳಗಿನ ಜಾವದಿಂದ ರಾತ್ರಿವರೆಗೆ ಟೆಸ್ಟು. ಇಂಗ್ಲಿಷ್ ಅಲ್ಲಿ ಇಷ್ಟು ಮಾರ್ಕಿನ ಪ್ರಶ್ನೆ, ಅಷ್ಟು ಮಾರ್ಕಿನ ಪ್ರಶ್ನೆ ಎಂದು ಚೂರಾಯಿತು. ನಾನ್-ಡೀಟೇಲ್ಡ್ ಕಥೆಯನ್ನು ಓದದೆಯೇ ಹಿಂಟ್ಸ್ ಬೆಳೆಸಿ, ಮೈಂಡ್ ಮ್ಯಾಪ್ ತುಂಬಿ ಪಾಸಾಗಬಹುದು. 2012-13ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮೀಡಿಯಂ ತರಗತಿಗಳು ಬಂದವು. ಬಡವರ ಮಕ್ಕಳಿಗೂ ಇಂಗ್ಲಿಷ್ ಸಿಗಲಿ ಎಂಬ ಆಸೆಯನ್ನು ನಾನು ಹಳಿಯಲಾರೆ. ನನ್ನ ಅಪ್ಪನೂ ಅದನ್ನೇ ಬಯಸಿದವನು. ಆದರೆ ವಿಜ್ಞಾನ, ಗಣಿತ, ಸಮಾಜ ಎಲ್ಲವನ್ನೂ ಇಂಗ್ಲಿಷೇ ಹೊತ್ತುಕೊಂಡ ಮೇಲೆ ಕಥೆ ಹೇಳಲು ಅದಕ್ಕೆ ಬಿಡುವೆಲ್ಲಿ? ಶುಕ್ರವಾರದ ಆ ಪೀರಿಯಡ್ಡಿನಲ್ಲಿ ಈಗ ರಿವಿಷನ್ ಟೆಸ್ಟು.

ಪುಸ್ತಕ ಬಡವಾಗಿಲ್ಲ, ಅದೇ ನನ್ನ ಸಂಕಟ. ಅಕ್ಕನ ಮೊಮ್ಮಗಳು ಹತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ತಂದು ತೋರಿಸಿದಳು. ‘ಟೆಂಪೆಸ್ಟ್’ ಕಥೆ ಇದೆ. ಯಂತ್ರಗಳೇ ಎದ್ದು ಮಾತಾಡುವ ಕಿಪ್ಲಿಂಗನ ಪದ್ಯವಿದೆ. ಅವಳ ಮನೆಯ ಗೋಡೆಗೆ ತಾಗಿ ಪವರ್‌ಲೂಮು ಹಗಲೂ ರಾತ್ರಿ ಬಡಿದುಕೊಳ್ಳುತ್ತದೆ. ಅವಳ ತಾತನ ಕೈಮಗ್ಗವನ್ನು ಮೂಲೆಗೆ ತಳ್ಳಿದ್ದು ಆ ಯಂತ್ರವೇ. ಆ ಪದ್ಯಕ್ಕೂ ಈ ಗೋಡೆಗೂ ಸಂಬಂಧವಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಪದ್ಯದ ಅಡಿಯಲ್ಲಿ ಪ್ರಾಸದ ಪದಗಳಿಗೆ ಗೆರೆ ಎಳೆದಿದ್ದಾಳೆ, ಅಲಂಕಾರದ ಹೆಸರು ಬರೆದಿದ್ದಾಳೆ, ಎಲ್ಲವೂ ಸರಿ. ಅವಳ ಇಂಗ್ಲಿಷ್ ಆ ವಯಸ್ಸಿನ ನನ್ನ ಇಂಗ್ಲಿಷಿಗಿಂತ ಎಷ್ಟೋ ಚೆನ್ನಾಗಿದೆ. ಅದನ್ನು ಮನೆಯೊಳಗೆ ಯಾರಿಗೂ ದಾಟಿಸುವ ಅಗತ್ಯ ಅವಳಿಗೆ ಬಿದ್ದಿಲ್ಲ.

2011ರ ಜನಗಣತಿಯಲ್ಲಿ ಕನ್ನಡವೇ ನಮ್ಮ ತಾಯಿನುಡಿ ಎಂದು ತಮಿಳುನಾಡಿನಲ್ಲಿ ಬರೆಸಿದವರು 12 ಲಕ್ಷಕ್ಕೂ ಹೆಚ್ಚು. ಬರೆಸುತ್ತೇವೆ. ಚೌಡೇಶ್ವರಿಯ ಹಬ್ಬದಲ್ಲಿ ಆಡುತ್ತೇವೆ. ಬೈಯಲು, ಅಳಲು, ಅಡುಗೆಮನೆಗೆ ಸಾಕಾಗುವಷ್ಟು ಉಳಿದಿದೆ. ಶೈಲಾಕನಿಗೆ ನ್ಯಾಯ ಸಿಕ್ಕಿತೇ ಎಂದು ಕೇಳುವಷ್ಟು ಕನ್ನಡ ಅಜ್ಜಿಯ ಬಾಯಲ್ಲಿತ್ತು. ಅಂಥ ಪ್ರಶ್ನೆಗಳನ್ನು ಆ ಮಾತಿನ ಮುಂದೆ ಈಗ ಯಾರು ತಂದಿಡುತ್ತಾರೆ?

ಮೊಮ್ಮಗಳಿಗೆ ‘ಟೆಂಪೆಸ್ಟ್’ ಹೇಳಲು ಕೂತೆ. ದ್ವೀಪ, ಬಿರುಗಾಳಿ, ಮಗಳೊಬ್ಬಳನ್ನು ಕಟ್ಟಿಕೊಂಡು ಗಡೀಪಾರಾದ ದೊರೆ. ಕನ್ನಡದಲ್ಲೇ ಶುರು ಮಾಡಿದೆ. ಮೂರು ವಾಕ್ಯ ಕೇಳಿ, “ತಾತಾ, ಗಡೀಪಾರು ಅಂದ್ರೆ?” ಅಂದಳು. ತಮಿಳಿನಲ್ಲಿ ಹೇಳಿದೆ. ಮತ್ತೆ ಕನ್ನಡಕ್ಕೆ ಬಂದೆ, ಮತ್ತೆ ನಿಲ್ಲಿಸಿದಳು. ಪ್ರಾಸ್ಪೆರೋ ತನ್ನ ಮಂತ್ರದ ಪುಸ್ತಕಗಳನ್ನು ಹೂಳುವ ಹೊತ್ತಿಗೆ ನಾನು ಪೂರಾ ತಮಿಳಿನಲ್ಲಿದ್ದೆ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ಅಷ್ಟು ಶಕ್ತಿ ಇದ್ದ ಪುಸ್ತಕವನ್ನು ಅವನು ಯಾಕೆ ಬಿಟ್ಟುಕೊಟ್ಟ, ಮಗಳಿಗಾದರೂ ಕೊಡಬಹುದಿತ್ತಲ್ಲ ಎಂದಳು. ಅಜ್ಜಿಯ ಜಾತಿಯದೇ ಪ್ರಶ್ನೆ. ಮುಂದಿನ ಶುಕ್ರವಾರ ಮತ್ತೆ ಬಾ ಎಂದಿದ್ದೇನೆ, ಪುಸ್ತಕದ ಜೊತೆ ಒಂದು ಖಾಲಿ ನೋಟ್‌ಬುಕ್ಕನ್ನೂ ತರಲು ಹೇಳಿದ್ದೇನೆ. ಅ ಆ ಇ ಈಯಿಂದ ಶುರು ಮಾಡಬೇಕು. ಅವಳಿಗೆ ಪಬ್ಲಿಕ್ ಪರೀಕ್ಷೆಯ ವರ್ಷ, ಅವಳಮ್ಮ ಒಪ್ಪುತ್ತಾಳೋ ಇಲ್ಲವೋ ಇನ್ನೂ ಕೇಳಿಲ್ಲ.